ಪಹಣಿಯಲ್ಲಿ ಇಲ್ಲದ ಹೆಸರು

ಕಾರ್ತಿಕದ ಮಂಜು ರಾಗಿ ಹೊಲದ ಮೇಲಿಂದ ಇನ್ನೂ ಎದ್ದಿರುವುದಿಲ್ಲ, ತುಮಕೂರು ಜಿಲ್ಲೆಯ ಕೊತ್ತಗೆರೆ ಕಡೆಯ ಹಳ್ಳಿಗಳಲ್ಲಿ ಆಗಲೇ ಡೇರಿ ಬಾಗಿಲು ತೆರೆದಿರುತ್ತದೆ. ತಲೆಗೆ ಸೆರಗು ಬಿಗಿದು, ಸ್ಟೀಲ್ ಕ್ಯಾನು ಹಿಡಿದು ಬರುವವರಲ್ಲಿ ಹೆಂಗಸರೇ ಹೆಚ್ಚು. ಹಾಲು ಸುರಿದವಳು ಲ್ಯಾಕ್ಟೋಮೀಟರ್ ತೇಲುವುದನ್ನೇ ದಿಟ್ಟಿಸುತ್ತಾಳೆ.

“ಯಾಕಣ್ಣ, ಡಿಗ್ರಿ ಇಳ್ದೈತಾ?”

“ಸ್ವಲ್ಪ ಕಮ್ಮಿ ಕಣಕ್ಕ.”

“ಬೂಸ ಮುಗ್ದೋಗೈತೆ. ಎರಡು ದಿನದಿಂದ ಬರೀ ಹಸಿ ಹುಲ್ಲು.”

ಯಾವ ಹಸು ಬೆದೆಗೆ ಬಂತು, ಯಾವುದು ಯಾವಾಗ ಕರು ಹಾಕುತ್ತದೆ, ಹಿಂಡಿಗೆ ಎಷ್ಟು ಬಾಕಿ, ಎಲ್ಲವೂ ಅವಳ ಬಾಯಲ್ಲಿ. ಆದರೆ ಎಷ್ಟೋ ಮನೆಗಳಲ್ಲಿ ಹಾಲಿನ ಪುಸ್ತಕದ ಮೇಲಿರುವ ಹೆಸರು ಗಂಡನದು. ಬಟವಾಡೆ ಹಣ ಸೇರುವುದೂ ಅವನ ಖಾತೆಗೆ.

ಬಿಸಿಲೇರಿದಂತೆ ರಾಗಿ ಕೊಯ್ಲು. ಎಡಗೈಯಲ್ಲಿ ತೆಂಡೆ ಅವುಚಿ ಹಿಡಿದು, ಬಲಗೈಯ ಕುಡುಗೋಲನ್ನು ಬುಡಕ್ಕೆ ಹಾಕಿ ಒಮ್ಮೆ ಸೆಳೆದರೆ ಕರಕ್ಕೆಂದು ಸದ್ದು. ಬಗ್ಗಿದ ಸೊಂಟ ಸಾಲಿನ ಕೊನೆ ಮುಟ್ಟುವವರೆಗೂ ಏಳುವುದಿಲ್ಲ. ಕೂಲಿ ಮಾತ್ರ ಗಂಡಾಳಿಗೊಂದು, ಹೆಣ್ಣಾಳಿಗೊಂದು. ಉದ್ಯೋಗ ಖಾತ್ರಿ ಕೆಲಸದಲ್ಲಿ ಇಬ್ಬರಿಗೂ ಒಂದೇ ಕೂಲಿ ಬಂದಾಗ ಈ ಹೆಂಗಸರಿಗೆ ಅದು ಬರೀ ದುಡ್ಡಿನ ಮಾತಾಗಿರಲಿಲ್ಲ.

ಇದೇ ಜಿಲ್ಲೆಯ ಗುಬ್ಬಿ ಸೀಮೆಯಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದವರು ತಿಮ್ಮಕ್ಕ. ಓದಿಲ್ಲ, ಕೂಲಿನಾಲಿಯ ಬದುಕು. ಮಕ್ಕಳಾಗಲಿಲ್ಲವೆಂದು ಊರು ಆಡಿದ ಮಾತೆಲ್ಲ ಕೇಳಿಸಿಕೊಂಡರು. ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್–ಕುದೂರು ರಸ್ತೆಯುದ್ದಕ್ಕೂ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಕೊಟ್ಟ ರಾಷ್ಟ್ರಪತಿಯ ಹಣೆ ಮುಟ್ಟಿ ಹರಸಿದ ಅಜ್ಜಿಯನ್ನು ದೇಶವೇ ನೋಡಿತು. ಅದಕ್ಕೂ ಹಿಂದಿನ ವರ್ಷ ಪದ್ಮಶ್ರೀ ಬಂದದ್ದು ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ. ಆಸ್ಪತ್ರೆಯಿಲ್ಲದ ಊರುಗಳಲ್ಲಿ ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದ ಕೈಗಳು ಅವರವು. ಇಬ್ಬರನ್ನೂ ನೆನೆದರೆ ಎದೆ ತುಂಬುತ್ತದೆ. ಹಾಗೇ ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ: ಹೆಣ್ಣಿನ ದುಡಿಮೆಯನ್ನು ಒಪ್ಪಿಕೊಳ್ಳಲು ನಮಗೆ ಇಷ್ಟು ದೊಡ್ಡ ಮರಗಳೇ ಬೇಕಾಯಿತೆ?

ಪಂಚಾಯ್ತಿಯಲ್ಲಿ ಈಗ ಅರ್ಧ ಸ್ಥಾನ ಹೆಂಗಸರದು. ಗಂಡನೇ ‘ಅಧ್ಯಕ್ಷರು’ ಅನ್ನಿಸಿಕೊಂಡು ತಿರುಗುವ ಕಡೆಯೂ ಉಂಟು, ತಾನೇ ಕಡತ ಓದಿಸಿ ಸಹಿ ಹಾಕುವವಳೂ ಉಂಟು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಕಾಸಿಗೆ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ಇವೆಲ್ಲ ಸಣ್ಣವಲ್ಲ.

ಆದರೆ ಮಣ್ಣಿನ ಮಾತು ಬಂದರೆ ಎಲ್ಲ ನಿಂತುಬಿಡುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು ದೇಶಕ್ಕಿಂತ ಮೊದಲೇ, 1994ರಲ್ಲಿ ಕರ್ನಾಟಕ ಕಾನೂನು ತಂದಿತು. ಅದಕ್ಕೂ ಮುಂಚೆ ಮದುವೆಯಾಗಿ ಹೋದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ತೋಟ ಭಾಗವಾಗುವ ದಿನ ಅಕ್ಕತಂಗಿಯರಿಗೆ ಹೊಸ ಸೀರೆ, ಊಟ, ಕೈಗೊಂದಿಷ್ಟು ದುಡ್ಡು. ಆಮೇಲೆ ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ. “ಪಾಲು ಕೇಳಿದ್ರೆ ತವರಿನ ಅರಿಶಿನ ಕುಂಕುಮ ತಪ್ಪೋಗ್ತದೆ” ಎಂಬ ಮಾತನ್ನು ಹೆಚ್ಚಾಗಿ ಹೇಳುವವಳು ತಾಯಿಯೇ. ಆ ತಾಯಿಯೂ ತನ್ನ ಕಾಲದಲ್ಲಿ ಹಾಗೇ ಬಿಟ್ಟು ಬಂದವಳು.

ಈಗೀಗ ಅಲ್ಲೊಬ್ಬಳು ಇಲ್ಲೊಬ್ಬಳು ಪತ್ರವನ್ನು ಪಕ್ಕಕ್ಕೆ ಸರಿಸುತ್ತಿದ್ದಾಳೆ. “ತವರೂ ಇರ್ಲಿ, ನನ್ನ ಪಾಲೂ ಇರ್ಲಿ ಕಣಣ್ಣ. ಅಪ್ಪನ ಜೊತೆ ನಾನೂ ತೆಂಗಿಗೆ ನೀರು ಹೊತ್ತಿಲ್ವಾ?” ಅನ್ನುತ್ತಾಳೆ. ಬೆಂಚಿನ ಮೇಲೆ ಕೂತ ತಾಯಿ ಅಂಥ ಹೊತ್ತಲ್ಲಿ ಮಗಳ ಕಡೆ ಎದ್ದು ಬಂದರೆ, ಆ ದಿನ ಆ ಪತ್ರ ನೋಂದಣಿಯಾಗುವುದಿಲ್ಲ.