ರೋಗಾಧ್ಯಯನದ ಆಕರಗಳು: ಕೆರೆಬಿಳಚಿಯ ನೆಲೆಯಿಂದ

ಸೂಳೆಕೆರೆಯ ಸಮೀಪದ ಕೆರೆಬಿಳಚಿಯ ವಿದ್ಯಾರ್ಥಿಯೊಬ್ಬನು ತನ್ನ ಸೀಮೆಯ ರೋಗಗಳನ್ನು ಕುರಿತು ಸಂಶೋಧನೆಗೆ ತೊಡಗಿದನೆನ್ನೋಣ. ಅವನು ಮೊದಲು ಗಮನಿಸಬೇಕಾದುದು ಜಿಲ್ಲೆಯ ಗಡಿಯನ್ನು. ದಾವಣಗೆರೆ ಜಿಲ್ಲೆ ರೂಪುಗೊಂಡುದು 1997ರಲ್ಲಿ. ಅದಕ್ಕೆ ಮುನ್ನ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹಳೆಯ ಗ್ಯಾಸೆಟಿಯರ್, ಜನಗಣತಿ ಹಾಗೂ ಆರೋಗ್ಯ ವರದಿಗಳನ್ನು ಆ ಜಿಲ್ಲೆಗಳ ಹೆಸರಿನಲ್ಲಿಯೇ ಅರಸಬೇಕಾಗುತ್ತದೆ.

ಆಕರ ದೊರೆತೊಡನೆ ಅದರ ಅಂಕಿಸಂಖ್ಯೆಗಳನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಮಂಗನ ಕಾಯಿಲೆಯನ್ನೇ ನೋಡಬಹುದು. 1957ರಲ್ಲಿ ಅದು ಗುರುತಿಸಲ್ಪಟ್ಟುದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಚನ್ನಗಿರಿಯೂ ಆಗ ಅದೇ ಜಿಲ್ಲೆಯಲ್ಲಿತ್ತೆಂಬ ಮಾತ್ರಕ್ಕೆ ಮಲೆನಾಡಿನ ರೋಗವನ್ನು ಸೂಳೆಕೆರೆಯ ಅಚ್ಚುಕಟ್ಟಿಗೆ ಆರೋಪಿಸಲಾಗದು; ತಾಲ್ಲೂಕುವಾರು ವಿವರ ಬೇಕೇ ಬೇಕು.

ವರದಿಯ ಕಾಲವೂ ಅಷ್ಟೇ ಮುಖ್ಯ. ಮಂಗಗಳ ಸಾವನ್ನು ಕಂಡ ತಜ್ಞರು ಮೊದಲು ಶಂಕಿಸಿದ್ದು ಹಳದಿ ಜ್ವರವನ್ನು. ಪುಣೆಯ ವೈರಸ್ ಸಂಶೋಧನಾ ಕೇಂದ್ರವು ಹೊಸ ವೈರಾಣುವನ್ನು ಬೇರ್ಪಡಿಸಿದ ಬಳಿಕ ಆ ಶಂಕೆ ಬಿದ್ದುಹೋಯಿತು. ಉಣ್ಣೆಗಳೇ ವಾಹಕಗಳೆಂಬುದೂ ಸ್ಥಿರಪಟ್ಟಿತು. ಆರಂಭದ ಪತ್ರಿಕಾ ಸುದ್ದಿಯಷ್ಟನ್ನೇ ಓದಿದವನು ಹಳದಿ ಜ್ವರದಲ್ಲಿಯೇ ನಿಂತುಬಿಡುವನು. ಲಸಿಕೆಯ ವಿಚಾರವಂತೂ ಇನ್ನೂ ಸೂಕ್ಷ್ಮ. 1990ರ ದಶಕದ ಬರಹಗಳು ಅದನ್ನು ರಕ್ಷಣೋಪಾಯವೆಂದು ವರ್ಣಿಸುತ್ತವೆ. ಅದರ ಸಾಮರ್ಥ್ಯ ಪ್ರಶ್ನೆಗೊಳಗಾಗಿ 2022ರಲ್ಲಿ ಕರ್ನಾಟಕದಲ್ಲಿ ಬಳಕೆಯೇ ನಿಂತಿತು. ಹಳೆಯ ಮುದ್ರಣದ ಪಠ್ಯಪುಸ್ತಕ (ನಮ್ಮ ಗ್ರಂಥಾಲಯಗಳಲ್ಲಿ ಹೆಚ್ಚಾಗಿ ಸಿಗುವುದು ಅದೇ) ಇದನ್ನು ತಿಳಿಸಲಾರದು.