ತೊಟ್ಟಿಕ್ಕದ ಎಣ್ಣೆಯ ಜಾಡು

ಪದ್ಮನಾಭನಗರ, ಬನಶಂಕರಿಯ ರಸ್ತೆಗಳಲ್ಲಿ ಹಳೆಯ ಜಾವಾ, ಯೆಜ್ದಿಗಳ ಸದ್ದು ಇನ್ನೂ ಕೇಳುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಗಾಡಿಗಳಿವು. ನಿಲ್ಲಿಸಿದಲ್ಲಿ ಕಪ್ಪು ಕಲೆ ಕಂಡರೆ ‘ಹಳೇ ಗಾಡಿ, ಸೋರೋದು ಸಹಜ’ ಎಂದು ಸುಮ್ಮನಾಗುವವರೇ ಹೆಚ್ಚು. ಹಾಗೆ ಸುಮ್ಮನಾಗಬಾರದು. ಈ ಎಂಜಿನ್ನಿನಲ್ಲಿ ನೆಲಕ್ಕೆ ಬೀಳುವ ಎಣ್ಣೆಗಿಂತ ಬೀಳದೆ ಮಾಯವಾಗುವ ಎಣ್ಣೆಯೇ ಹೆಚ್ಚು ಹಾನಿ ಮಾಡುತ್ತದೆ.

ಮೊದಲು ಸೋರುತ್ತಿರುವುದು ಯಾವ ಎಣ್ಣೆ ಎಂದು ಗುರುತಿಸಬೇಕು. ಈ ಟೂ-ಸ್ಟ್ರೋಕ್ ಗಾಡಿಯಲ್ಲಿ ಎರಡು ಬಗೆಯ ಎಣ್ಣೆಯಿದೆ: ಪೆಟ್ರೋಲಿಗೆ ಬೆರೆಸುವುದು ಒಂದು, ಗೇರು ಮತ್ತು ಕ್ಲಚ್‌ಗಳನ್ನು ನೆನೆಸುವುದು ಇನ್ನೊಂದು. ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರ್ ಕಡೆ ನೋಡಿ. ಸೈಲೆನ್ಸರ್ ಜೋಡಣೆಯಲ್ಲಿ ಕರಿ ಜಿಗುಟು ಕಂಡರೆ ಅದು ಸುಡದೆ ಉಳಿದ ಎಣ್ಣೆ. ಬೆರಳಿಗೆ ದಪ್ಪಗೆ ಅಂಟಿದರೆ ಗೇರ್ ಆಯಿಲ್.

ಹನಿ ಬೀಳುವ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ತಣ್ಣಗಾದ ಮೇಲೆ ಸೀಮೆಎಣ್ಣೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ. ಒಂದು ಸುತ್ತು ಹೋಗಿ ಬನ್ನಿ. ಪೌಡರಿನ ಮೇಲೆ ಮೂಡಿದ ಒದ್ದೆ ಗೆರೆಯನ್ನು ಹಿಡಿದು ಮೇಲಕ್ಕೆ, ಮುಂದಕ್ಕೆ ಹೋದರೆ ಮೂಲ ಸಿಗುತ್ತದೆ. ಗೇರ್ ಲಿವರೇ ಕಿಕ್ಕರ್ ಕೂಡ ಆಗಿರುವ ಈ ಗಾಡಿಯಲ್ಲಿ ಆ ಲಿವರಿನ ಶಾಫ್ಟ್ ಹೊರಬರುವ ಜಾಗವನ್ನು ಮೊದಲು ನೋಡಬೇಕು.

ಗೆರೆಯೇ ಮೂಡಲಿಲ್ಲ, ಆದರೂ ಗೇರ್ ಆಯಿಲ್ ಮಟ್ಟ ಇಳಿಯುತ್ತಿದೆ, ಹೊಗೆ ದಟ್ಟವಾಗುತ್ತಲೇ ಇದೆ ಎಂದರೆ ಕ್ರ್ಯಾಂಕ್‌ಶಾಫ್ಟಿನ ಎಡಬದಿಯ ಸೀಲ್ ಸವೆದಿರಬಹುದು. ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್‌ಕೇಸಿನ ಒತ್ತಡ ಕುಸಿಯುತ್ತದೆ. ಆ ಸೆಳೆತಕ್ಕೆ ಕ್ಲಚ್ ಬದಿಯ ಎಣ್ಣೆ ಒಳಕ್ಕೆ ಹೋಗಿ ಸುಟ್ಟುಹೋಗುತ್ತದೆ. ಪಿಸ್ಟನ್ ಇಳಿದಾಗ ಅದೇ ಸವೆದ ಸೀಲಿನ ಮೂಲಕ ಪೆಟ್ರೋಲ್ ಆಚೆಗೆ ದಾಟಬಹುದು. ಗೇರ್ ಆಯಿಲ್ ಮೂಸಿದರೆ ಗೊತ್ತಾಗುತ್ತದೆ. ಬಲಬದಿಯ ಸೀಲ್ ಹೋದರೆ ಡೈನಮೋ ಕಡೆಯಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪ್ಲಗ್ ಬೆಳ್ಳಗಾಗುತ್ತದೆ, ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಕಚ್ಚಿಕೊಳ್ಳುವ ಅಪಾಯವಿದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರ್ ಗಡುಸಾಗುವುದರಿಂದ, ಓಡದ ಗಾಡಿಗೂ ಈ ತೊಂದರೆ ತಪ್ಪಿದ್ದಲ್ಲ.

ಸೀಲ್ ಬದಲಿಸುವ ಮುನ್ನ ಇನ್ನೆರಡು ಪರೀಕ್ಷೆ ಮಾಡಿ. ಎಣ್ಣೆ ಅಳತೆ ಮೀರಿದೆಯೇ? ಗೇರ್‌ಬಾಕ್ಸಿನ ಬ್ರೀದರ್ ರಂಧ್ರ ಕಟ್ಟಿದೆಯೇ? ಅದು ಕಟ್ಟಿದ್ದರೆ ಕಾದ ಗಾಳಿಗೆ ಹೊರದಾರಿಯಿಲ್ಲದೆ, ಹೊಸ ಸೀಲನ್ನೂ ದಾಟಿ ಎಣ್ಣೆ ಹೊರಬರುತ್ತದೆ.

ಮೂಲ ತಿಳಿಯದೆ ಸ್ಕ್ರೂ ಬಿಗಿದರೆ ಅಲ್ಯೂಮಿನಿಯಂ ಕವರ್ ಸೊಟ್ಟಗಾಗುತ್ತದೆ, ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕೇಸಿಂಗಿನ ಅಂಚು ಮುಕ್ಕಾಗುತ್ತದೆ. ಸೀಲನ್ನು ಮತ್ತೆ ಕೊಳ್ಳಬಹುದು. ಮೈಸೂರಿನ ಆ ಕಾರ್ಖಾನೆ ಇನ್ನೊಂದು ಕೇಸಿಂಗನ್ನು ಎರಕ ಹೊಯ್ಯುವುದಿಲ್ಲ. ಅದಕ್ಕೇ ಸ್ಪ್ಯಾನರ್ ಎತ್ತಿಕೊಳ್ಳುವ ಮುನ್ನ ಎಣ್ಣೆಯ ಜಾಡು ಹಿಡಿಯಬೇಕು.