ಧಾನ್ಯ ಬಿಟ್ಟು ಮಾಂಸ ಹಿಡಿದವರಿಗೆ ಗೌಟ್ ಇದ್ದರೆ

ತೂಕ ಇಳಿಸಬೇಕೆಂದೋ ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದೋ ಅನ್ನ, ಮುದ್ದೆ, ಚಪಾತಿ, ಬ್ರೆಡ್ಡು ಎಲ್ಲವನ್ನೂ ಬಿಟ್ಟು ಮಾಂಸ, ಮೀನು, ಮೊಟ್ಟೆಗಳ ಮೇಲೆ ನಿಂತವರು ಈಗ ನಮ್ಮ ನಡುವೆಯೂ ಇದ್ದಾರೆ. ಅವರಲ್ಲಿ ಕೆಲವರಿಗೆ ಗೌಟ್ ಎಂಬ ಕೀಲುನೋವಿನ ಕಾಯಿಲೆ ಕೂಡ ಇರುತ್ತದೆ. ಅವರ ಕಿವಿಗೆ ಎರಡು ಮಾತು ಬೀಳುತ್ತವೆ. ಮಾಂಸ ಮುಟ್ಟಿದರೆ ಹೆಬ್ಬೆರಳು ಊದುವುದು ಖಂಡಿತ ಎನ್ನುವುದು ಹಳೆಯ ಮಾತು. ಗೌಟಿಗೆ ಕಾರಣ ಸಕ್ಕರೆ ಮತ್ತು ಧಾನ್ಯ, ಮಾಂಸ ನಿರಪರಾಧಿ ಎನ್ನುವುದು ಹೊಸ ಮಾತು. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯದೆ ಊಟ ಬದಲಿಸಿದರೆ ಬೆಲೆ ತೆರುವುದು ಕೀಲು, ಕೆಲವೊಮ್ಮೆ ಮೂತ್ರಪಿಂಡ.

ಹರಳು ಹುಟ್ಟುವ ಬಗೆ

ನಮ್ಮ ಪ್ರತಿ ಜೀವಕೋಶದಲ್ಲೂ ಪ್ಯೂರಿನ್ ಎಂಬ ವಸ್ತುವಿದೆ. ಡಿಎನ್‌ಎ, ಆರ್‌ಎನ್‌ಎ, ಶಕ್ತಿಯ ನಾಣ್ಯವಾದ ಎಟಿಪಿ ಎಲ್ಲವುಗಳ ರಚನೆಯಲ್ಲೂ ಅದು ಸೇರಿಕೊಂಡಿದೆ. ಕೋಶಗಳು ಸವೆದು ಹೊಸದಾಗುವಾಗ ಪ್ಯೂರಿನ್ ಒಡೆದು ಯೂರಿಕ್ ಆಮ್ಲವಾಗುತ್ತದೆ. ಬಹುತೇಕ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಈ ಆಮ್ಲವನ್ನು ಇನ್ನಷ್ಟು ಒಡೆದು, ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾಡುತ್ತದೆ. ಮನುಷ್ಯನ ಪೂರ್ವಜರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಆ ಕಿಣ್ವವನ್ನು ಕಳೆದುಕೊಂಡರು. ಹಾಗಾಗಿ ನಮ್ಮ ರಕ್ತದಲ್ಲಿ ಯೂರಿಕ್ ಆಮ್ಲದ ಮಟ್ಟ ಬೇರೆ ಬಹುತೇಕ ಸಸ್ತನಿಗಳಿಗಿಂತ ಹೆಚ್ಚು.

ಒಂದು ಲೋಟ ನೀರಿಗೆ ಉಪ್ಪು ಹಾಕುತ್ತಾ ಹೋದರೆ ಒಂದು ಹಂತದ ಮೇಲೆ ಕರಗದೆ ತಳದಲ್ಲಿ ಕೂರುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ರಕ್ತದ ಒಂದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಯೂರಿಕ್ ಆಮ್ಲ ಸೂಜಿಯಂಥ ಹರಳಾಗಿ ಕೀಲುಗಳಲ್ಲಿ ಕೂರಬಲ್ಲದು. ತಂಪಿದ್ದಲ್ಲಿ ಅದು ಕರಗುವುದು ಇನ್ನೂ ಕಷ್ಟ. ಕಾಲಿನ ಹೆಬ್ಬೆರಳ ಬುಡದಲ್ಲಿ, ಅದರಲ್ಲೂ ರಾತ್ರಿಯ ಹೊತ್ತು ನೋವು ಕೆರಳಲು ಇದೂ ಒಂದು ಕಾರಣ. ಹರಳನ್ನು ಕಂಡ ಬಿಳಿ ರಕ್ತಕಣಗಳು ಅದರ ಮೇಲೆ ಬಿದ್ದಾಗ ಕೀಲು ಕೆಂಪಾಗಿ, ಕಾವು ಏರಿ, ಊದಿಕೊಳ್ಳುತ್ತದೆ. ಹೊದಿಕೆ ತಾಗಿದರೂ ಸಹಿಸಲಾಗದ ನೋವು ಬರುತ್ತದೆ. ಗೌಟ್ ಕೀಲಿನ ದ್ರವದಲ್ಲಿ ಯೂರಿಕ್ ಆಮ್ಲದ ಹರಳಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಖಚಿತವಾಗಿ ಗುರುತಿಸಿದವರು ಅಮೆರಿಕದ ವೈದ್ಯರಾದ ಮೆಕಾರ್ಟಿ ಮತ್ತು ಹೊಲಾಂಡರ್, 1961ರಲ್ಲಿ.

ಇಲ್ಲಿ ಎರಡು ಸಂಗತಿ ನೆನಪಿಡಬೇಕು. ಮೊದಲನೆಯದು, ದೇಹದ ಯೂರಿಕ್ ಆಮ್ಲದಲ್ಲಿ ಸುಮಾರು ಮೂರನೇ ಎರಡು ಭಾಗ ಹುಟ್ಟುವುದು ನಮ್ಮದೇ ಕೋಶಗಳಿಂದ. ಊಟದಿಂದ ಬರುವುದು ಉಳಿದ ಒಂದು ಭಾಗ. ಎರಡನೆಯದು, ಗೌಟ್ ಇರುವ ಬಹುಪಾಲು ಜನರಲ್ಲಿ ತೊಂದರೆ ಇರುವುದು ಉತ್ಪಾದನೆಯಲ್ಲಲ್ಲ, ವಿಸರ್ಜನೆಯಲ್ಲಿ. ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕುವುದಿಲ್ಲ. ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಆದ್ದರಿಂದ ಗೌಟ್ ಬಂದವರನ್ನು ಬಾಯಿಚಪಲದವರೆಂದು ಹೀಗಳೆಯುವುದು ಅನ್ಯಾಯ.

ಧಾನ್ಯ ಬಿಟ್ಟರೆ ಸಿಗುವ ಲಾಭ ಎಲ್ಲಿಂದ?

ಅಕ್ಕಿ, ಗೋಧಿಗಳಲ್ಲಿ ಪ್ಯೂರಿನ್ ತೀರಾ ಕಡಿಮೆ. ಜಪಾನಿನಲ್ಲಿ ನಡೆದ ಅಳತೆಗಳ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿರುವುದು ಸುಮಾರು 26 ಮಿಲಿಗ್ರಾಂ ಮಾತ್ರ. ಹಾಗಿದ್ದ ಮೇಲೆ ಧಾನ್ಯ ಬಿಟ್ಟ ಕೆಲವರ ಗೌಟ್ ಇಳಿಯುವುದು ಹೇಗೆ?

ಉತ್ತರ ಇನ್ಸುಲಿನ್ನಿನಲ್ಲಿದೆ, ತೂಕದಲ್ಲಿದೆ, ಸಕ್ಕರೆಯಲ್ಲಿದೆ. ಬೊಜ್ಜಿನಿಂದಾಗಿ ರಕ್ತದಲ್ಲಿ ಇನ್ಸುಲಿನ್ ಸದಾ ಏರಿಕೊಂಡಿದ್ದರೆ ಮೂತ್ರಪಿಂಡ ಯೂರಿಕ್ ಆಮ್ಲವನ್ನು ಹೊರಹಾಕುವ ಬದಲು ಉಳಿಸಿಕೊಳ್ಳುತ್ತದೆ. ತೂಕ ಇಳಿದು ಇನ್ಸುಲಿನ್ ತಗ್ಗಿದಂತೆ ವಿಸರ್ಜನೆ ಸುಧಾರಿಸುತ್ತದೆ. ಇನ್ನು ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಯಕೃತ್ತು ಅದನ್ನು ಅರಗಿಸುವಾಗ ಎಟಿಪಿಯನ್ನು ಬೇಗಬೇಗನೆ ಖರ್ಚು ಮಾಡುತ್ತದೆ, ಖರ್ಚಾದದ್ದರಲ್ಲಿ ಒಂದು ಪಾಲು ಯೂರಿಕ್ ಆಮ್ಲವಾಗುತ್ತದೆ. ಅಮೆರಿಕದ ಪುರುಷರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಎರಡೋ ಹೆಚ್ಚೋ ಸಿಹಿ ತಂಪುಪಾನೀಯ ಕುಡಿಯುತ್ತಿದ್ದವರಿಗೆ ಗೌಟ್ ಬರುವ ಅಪಾಯ ಶೇ. 85ರಷ್ಟು ಹೆಚ್ಚಿತ್ತು. ಬಿಯರ್ ಕೂಡ ಧಾನ್ಯದ್ದೇ ಪಾನೀಯ; ಧಾನ್ಯದ ಜತೆಗೆ ಅದನ್ನೂ ಬಿಟ್ಟವರಿಗೆ ಸಿಗುವ ಲಾಭ ಸಣ್ಣದಲ್ಲ. ಬಿಯರಿನಲ್ಲಿ ಮದ್ಯವೂ ಇದೆ, ಪ್ಯೂರಿನ್ ಕೂಡ ಇದೆ.

ತೂಕ ಇಳಿದರೆ ಯೂರಿಕ್ ಆಮ್ಲ ತಗ್ಗುತ್ತದೆ ಎಂದೇ ಪ್ರಯೋಗಗಳೂ ಹೇಳುತ್ತವೆ. ದಕ್ಷಿಣ ಆಫ್ರಿಕಾದ ವೈದ್ಯರ ತಂಡವೊಂದು 2000ದಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಗೌಟ್ ಇದ್ದ 13 ಪುರುಷರು 16 ವಾರ ದಿನಕ್ಕೆ 1600 ಕ್ಯಾಲೊರಿಯ ಊಟ ಮಾಡಿದರು. ಅದರಲ್ಲಿ ಶೇ. 40 ಪಿಷ್ಟ, ಶೇ. 30 ಪ್ರೋಟೀನ್, ಶೇ. 30 ಕೊಬ್ಬು. ಪ್ರೋಟೀನ್ ಹೆಚ್ಚಿದ್ದರೂ ಯೂರಿಕ್ ಆಮ್ಲ ಸರಾಸರಿ ಶೇ. 18ರಷ್ಟು ಇಳಿಯಿತು, ತಿಂಗಳಿಗೆ ಸರಾಸರಿ 2.1 ಬಾರಿ ಬರುತ್ತಿದ್ದ ನೋವು 0.6ಕ್ಕೆ ಬಂತು. ಇಸ್ರೇಲಿನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಬೊಜ್ಜಿದ್ದವರಿಗೆ ಕಡಿಮೆ ಕೊಬ್ಬಿನ ಊಟ, ಮೆಡಿಟರೇನಿಯನ್ ಊಟ, ಕಡಿಮೆ ಪಿಷ್ಟದ ಊಟ ಎಂದು ಮೂರು ಬಗೆ ಹಂಚಿದ್ದರು. ಆರು ತಿಂಗಳಲ್ಲಿ ಮೂರೂ ಗುಂಪುಗಳ ಯೂರಿಕ್ ಆಮ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿತು. ಸರಾಸರಿ ಇಳಿಕೆ ಡೆಸಿಲೀಟರಿಗೆ 0.8 ಮಿಲಿಗ್ರಾಂ.

ಈ ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಊಟದ ಬಗೆ ಯಾವುದೇ ಇರಲಿ, ಒಳಿತು ಮಾಡಿದ್ದು ಮುಖ್ಯವಾಗಿ ಕರಗಿದ ತೂಕ. ದಕ್ಷಿಣ ಆಫ್ರಿಕಾದವರು ಧಾನ್ಯವನ್ನು ಪೂರ್ತಿ ಬಿಟ್ಟಿರಲಿಲ್ಲ. ಇಸ್ರೇಲಿನ ಕಡಿಮೆ ಪಿಷ್ಟದ ಗುಂಪಿಗೆ ಪ್ರೋಟೀನನ್ನೂ ಕೊಬ್ಬನ್ನೂ ಸಸ್ಯಮೂಲದಿಂದ ಪಡೆಯುವಂತೆ ಸಲಹೆಯಿತ್ತು. ಹೊತ್ತುಹೊತ್ತಿಗೂ ಮಾಂಸ ತಿನ್ನುವವರು ಈ ಫಲಿತಾಂಶಗಳನ್ನು ತಮ್ಮ ಊಟದ ಸಮರ್ಥನೆಗೆ ಬಳಸಲಾಗದು.

ಮಾಂಸದ ಲೆಕ್ಕ

ಅಮೆರಿಕದ 47,150 ಪುರುಷರನ್ನು 12 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ 730 ಜನರಿಗೆ ಹೊಸದಾಗಿ ಗೌಟ್ ಬಂತು. ಅತಿ ಹೆಚ್ಚು ಮಾಂಸ ತಿನ್ನುವವರಿಗೆ ಅತಿ ಕಡಿಮೆ ತಿನ್ನುವವರಿಗಿಂತ ಅಪಾಯ ಶೇ. 41 ಹೆಚ್ಚು; ಮೀನು, ಸಿಗಡಿಗಳ ವಿಷಯದಲ್ಲಿ ಶೇ. 51 ಹೆಚ್ಚು. ಹಾಲಿನ ಪದಾರ್ಥ ಹೆಚ್ಚು ಬಳಸುವವರಿಗೆ ಮಾತ್ರ ಅಪಾಯ ಶೇ. 44 ಕಡಿಮೆ. ಪಾಲಕ್, ಅಣಬೆ, ಹೂಕೋಸು, ಬೇಳೆಕಾಳುಗಳಂಥ ಪ್ಯೂರಿನ್ ಇರುವ ಸಸ್ಯಾಹಾರದಿಂದ ಅಪಾಯ ಹೆಚ್ಚಿರಲಿಲ್ಲ. ಇವತ್ತಿಗೂ ಗೌಟ್ ಎಂದ ಕೂಡಲೇ ತೊಗರಿಬೇಳೆ, ಸೊಪ್ಪು ತಿನ್ನುವುದನ್ನು ನಿಲ್ಲಿಸುವ ಮನೆಗಳಿವೆ. ಅದಕ್ಕೆ ಆಧಾರವಿಲ್ಲ.

ಈಗ ತಟ್ಟೆಯ ಲೆಕ್ಕ ನೋಡೋಣ. 100 ಗ್ರಾಂ ಮಾಂಸದಲ್ಲಿ, ಪ್ರಾಣಿ ಮತ್ತು ಭಾಗಕ್ಕೆ ತಕ್ಕಂತೆ, ಸುಮಾರು 90ರಿಂದ 140 ಮಿಲಿಗ್ರಾಂ ಪ್ಯೂರಿನ್ ಇರುತ್ತದೆ. ಕೋಳಿಯ ಲಿವರಿನಲ್ಲಿ 300 ದಾಟುತ್ತದೆ. ಬೂತಾಯಿಯ ಬಳಗದ ಮೀನಿನಲ್ಲಿ ಸುಮಾರು 200. ಒಣಮೀನಿನಲ್ಲಿ ನೀರು ಹೋಗಿ ಸಾರ ಉಳಿದಿರುವುದರಿಂದ ಅದೇ ತೂಕಕ್ಕೆ ಇನ್ನೂ ಹೆಚ್ಚು. ಮೊಟ್ಟೆಯಲ್ಲಿ, ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜಪಾನಿನ ಮಾರ್ಗಸೂಚಿ ಗೌಟ್ ಇರುವವರಿಗೆ ಹೇಳುವ ಮಿತಿ ದಿನಕ್ಕೆ 400 ಮಿಲಿಗ್ರಾಂ. ದಿನಕ್ಕೆ 800 ಗ್ರಾಂ ಮಾಂಸ ತಿನ್ನುವವರು ಲಿವರ್ ಮುಟ್ಟದಿದ್ದರೂ ಈ ಮಿತಿಯ ಸುಮಾರು ಎರಡು ಪಟ್ಟು ತಲುಪುತ್ತಾರೆ, ಕೆಲವೊಮ್ಮೆ ದಾಟುತ್ತಾರೆ. ಮೂತ್ರಪಿಂಡ ಮೊದಲೇ ಹಿಂದುಳಿದವರಿಗೆ ಇದು ದಿನದಿನವೂ ಏರುವ ಹೊರೆ.

ಮಾಂಸವೊಂದನ್ನೇ ತಿಂದು ಬದುಕಬಹುದು ಎನ್ನುವವರು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಪ್ರಯೋಗವನ್ನು ನೆನಪಿಸುತ್ತಾರೆ. 1928ರಲ್ಲಿ ಆರಂಭವಾದ ಆ ಪ್ರಯೋಗದಲ್ಲಿ ಧ್ರುವ ಪ್ರದೇಶದ ಅನ್ವೇಷಕ ಸ್ಟೆಫಾನ್ಸನ್ ಮತ್ತು ಅವರ ಜತೆಗಾರ ಆಂಡರ್ಸನ್ ಒಂದು ವರ್ಷ ಬರೀ ಮಾಂಸ ತಿಂದರು, ಆರೋಗ್ಯವಾಗಿಯೇ ಉಳಿದರು. ಆದರೆ ಅವರ ಕ್ಯಾಲೊರಿಯ ಬಹುಪಾಲು ಬಂದದ್ದು ಕೊಬ್ಬಿನಿಂದ. ಆರಂಭದಲ್ಲಿ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಸ್ಟೆಫಾನ್ಸನ್ ಬೇಗನೆ ಹೊಟ್ಟೆ ಕೆಟ್ಟು ಬಳಲಿದರು. ಇಬ್ಬರು ಆರೋಗ್ಯವಂತರ ಅನುಭವವನ್ನು ಗೌಟ್ ಇರುವವರಿಗೆ ಭರವಸೆಯಾಗಿ ಕೊಡುವುದು ಸರಿಯಲ್ಲ. ಅದರಿಂದ ಕಲಿಯಬಹುದಾದ ಪಾಠವೊಂದಿದೆ: ಪ್ಯೂರಿನ್ ಇರುವುದು ಮಾಂಸದ ಜೀವಕೋಶಗಳಲ್ಲಿ, ತುಪ್ಪ, ಬೆಣ್ಣೆ, ಎಣ್ಣೆಗಳಲ್ಲಿ ಅದಿಲ್ಲ. ಧಾನ್ಯ ಬಿಟ್ಟ ಜಾಗವನ್ನೆಲ್ಲ ಮಾಂಸದಿಂದಲೇ ತುಂಬಬೇಕಾಗಿಲ್ಲ.

ಮೊದಲ ವಾರಗಳ ಅಪಾಯ

ಪಿಷ್ಟವನ್ನು ಒಮ್ಮೆಲೇ ನಿಲ್ಲಿಸಿದಾಗ ದೇಹ ಕೊಬ್ಬನ್ನು ಉರಿಸಿ ಕೀಟೋನುಗಳನ್ನು ಮಾಡಿಕೊಳ್ಳುತ್ತದೆ. ಮೂತ್ರಪಿಂಡದಿಂದ ಹೊರಹೋಗುವ ದಾರಿಯಲ್ಲಿ ಕೀಟೋನುಗಳೂ ಯೂರಿಕ್ ಆಮ್ಲವೂ ಪೈಪೋಟಿಗಿಳಿಯುತ್ತವೆ. ಕೀಟೋನು ಹೆಚ್ಚಿದ್ದಾಗ ಯೂರಿಕ್ ಆಮ್ಲ ಹಿಂದುಳಿದು ರಕ್ತದಲ್ಲಿ ಏರುತ್ತದೆ. ಇದೇ ಹೊತ್ತಿಗೆ ದೇಹ ಉಪ್ಪನ್ನೂ ನೀರನ್ನೂ ಕಳೆದುಕೊಳ್ಳುವುದರಿಂದ ಮೂತ್ರ ಗಟ್ಟಿಯಾಗುತ್ತದೆ. ಉಪವಾಸದಲ್ಲೂ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲೂ ಗೌಟ್ ಕೆರಳುವುದು ಇಂಥ ಕಾರಣಗಳಿಂದಲೇ. ಮಾಂಸ ಹೆಚ್ಚಾದಂತೆ ಮೂತ್ರದ ಆಮ್ಲೀಯತೆಯೂ ಹೆಚ್ಚಿ ಯೂರಿಕ್ ಆಮ್ಲದ ಕಲ್ಲಾಗುವ ಸಾಧ್ಯತೆ ಬೆಳೆಯುತ್ತದೆ.

ಆದ್ದರಿಂದ ಬದಲಾವಣೆ ನಿಧಾನವಾಗಿರಲಿ. ಮೊದಲು ಸಕ್ಕರೆ, ಬೆಲ್ಲ, ಸಿಹಿ ಪಾನೀಯ, ಮದ್ಯ ಬಿಡಿ. ಆಮೇಲೆ ಮೈದಾ, ಬಿಳಿ ಅನ್ನದ ಪ್ರಮಾಣ ತಗ್ಗಿಸಿ. ವಾರಗಳ ಅವಧಿಯಲ್ಲಿ ಒಂದೊಂದಾಗಿ ಇಳಿಯಿರಿ. ಊಟ ಬದಲಿಸುವುದರ ಜತೆಗೇ ದೀರ್ಘ ಉಪವಾಸವನ್ನೂ ಶುರು ಮಾಡಬೇಡಿ. ಮೂತ್ರ ತಿಳಿ ಹಳದಿಯಾಗಿ ಇರುವಷ್ಟು ನೀರು ಕುಡಿಯಿರಿ.

ತಟ್ಟೆಯನ್ನು ಜೋಡಿಸುವುದು

ಧಾನ್ಯವಿಲ್ಲದ, ಮಾಂಸವಿರುವ ಊಟವನ್ನೇ ಮಾಡಬೇಕೆಂದು ನಿರ್ಧರಿಸಿದವರು ಹೀಗೆ ಜೋಡಿಸಿಕೊಳ್ಳಬಹುದು:

- ಮಾಂಸ ಅಥವಾ ಮೀನು ದಿನಕ್ಕೆ ಒಂದು ಹೊತ್ತು, ಸುಮಾರು 150ರಿಂದ 200 ಗ್ರಾಂ ಇರಲಿ.
- ಉಳಿದ ಪ್ರೋಟೀನು ಮೊಟ್ಟೆ, ಮೊಸರು, ಮಜ್ಜಿಗೆ, ಪನೀರಿನಿಂದ ಬರಲಿ. ಹಾಲಿನ ಪ್ರೋಟೀನು ಯೂರಿಕ್ ಆಮ್ಲ ಹೊರಹೋಗಲು ನೆರವಾಗುತ್ತದೆ.
- ಲಿವರ್, ಕಿಡ್ನಿ, ಬೋಟಿ, ಒಣಮೀನು ಬೇಡ. ಬೂತಾಯಿ, ಸಿಗಡಿ ಅಪರೂಪಕ್ಕೆ ಸಾಕು.
- ಮಾಂಸ ಬೇಯಿಸಿದಾಗ ಪ್ಯೂರಿನ್ ನೀರಿಗಿಳಿಯುತ್ತದೆ. ಕಾಲು ಸೂಪು, ಮೂಳೆ ಸಾರು, ಗಟ್ಟಿ ಗ್ರೇವಿ ಬದಿಗಿರಲಿ. ಬೇಯಿಸಿದ ನೀರು ಚೆಲ್ಲಿ ತುಂಡನ್ನಷ್ಟೇ ಬಳಸಿ.
- ಸೊಪ್ಪು, ಸೌತೆ, ಹೀರೆ, ಬೆಂಡೆ, ಕೋಸು ತಟ್ಟೆಯ ಅರ್ಧವನ್ನು ತುಂಬಲಿ. ನಾರು ಸಿಗುತ್ತದೆ, ಮೂತ್ರದ ಆಮ್ಲೀಯತೆ ತಗ್ಗುತ್ತದೆ.
- ಧಾನ್ಯವಿಲ್ಲವೆಂಬ ಹೆಸರಿನಲ್ಲಿ ಜೇನು, ಖರ್ಜೂರ ತುಂಬಿದ ಸಿಹಿ ತಿನ್ನಬೇಡಿ. ಅದರಲ್ಲಿರುವುದೂ ಫ್ರಕ್ಟೋಸೇ.
- ಸಕ್ಕರೆಯಿಲ್ಲದ ಕಾಫಿಗೆ ಅಡ್ಡಿಯಿಲ್ಲ.

ಔಷಧದ ಜಾಗ

ಊಟದ ಶಿಸ್ತಿನಿಂದ ಯೂರಿಕ್ ಆಮ್ಲ ಸಾಮಾನ್ಯವಾಗಿ ಇಳಿಯುವುದು ಡೆಸಿಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಅಷ್ಟೇ. 9ರಲ್ಲಿರುವವರು ಊಟವೊಂದರಿಂದಲೇ ಸುರಕ್ಷಿತ ಮಟ್ಟ ತಲುಪುವುದು ಕಷ್ಟ. ಚಿಕಿತ್ಸೆಯ ಗುರಿ 6ಕ್ಕಿಂತ ಕೆಳಗಿರುವುದು. ಅಲ್ಲಿ ನಿಂತರೆ ಹಳೆಯ ಹರಳುಗಳೂ ನಿಧಾನವಾಗಿ ಕರಗುತ್ತವೆ. ಇದನ್ನು ಸಾಧಿಸಲು ಅಲೋಪ್ಯುರಿನಾಲ್, ಫೆಬುಕ್ಸೋಸ್ಟಾಟ್‌ನಂಥ ಔಷಧಗಳಿವೆ. ಅಲೋಪ್ಯುರಿನಾಲ್ ಹುಟ್ಟಿದ್ದು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಲ್ಲಿ. ಅವರಿಬ್ಬರೂ 1988ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ವೈದ್ಯರು ಅಲೋಪ್ಯುರಿನಾಲನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ, ಮೊದಲ ತಿಂಗಳುಗಳಲ್ಲಿ ನೋವು ಕೆರಳದಂತೆ ಕೊಲ್ಚಿಸಿನ್ ಸೇರಿಸುತ್ತಾರೆ. ನಡುವೆ ನೋವು ಬಂತೆಂದು ನೀವಾಗಿಯೇ ಅಲೋಪ್ಯುರಿನಾಲ್ ನಿಲ್ಲಿಸಬೇಡಿ.

ಕೊಲ್ಚಿಸಿನ್ ನಮ್ಮ ಕಾಡುಬೇಲಿಗಳ ಅಗ್ನಿಶಿಖೆ ಬಳ್ಳಿಯಲ್ಲೂ ಇದೆ. ಅದರ ಗೆಡ್ಡೆ ಪ್ರಾಣ ತೆಗೆಯುವಷ್ಟು ವಿಷ. ಗೌಟಿಗೆಂದು ಅದನ್ನು ಮನೆಮದ್ದಾಗಿ ಬಳಸಲೇಬಾರದು.

ಊಟ ಬದಲಿಸುವ ಮುನ್ನ ಯೂರಿಕ್ ಆಮ್ಲ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಒಂದು ತಿಂಗಳಿಗೆ, ಮೂರು ತಿಂಗಳಿಗೆ ಮತ್ತೆ ಮಾಡಿಸಿ. ನೋವಿನ ದಿನಗಳಲ್ಲಿ ಯೂರಿಕ್ ಆಮ್ಲ ಸಹಜವೆಂದು ಕಾಣಬಹುದು. ಹಾಗಾಗಿ ನೋವು ಇಳಿದು ಎರಡು ವಾರವಾದ ಮೇಲಿನ ಅಳತೆಯನ್ನೇ ನಂಬಿ. ಬಿಪಿಗೆ ಕೊಡುವ ಕೆಲವು ಮೂತ್ರವರ್ಧಕಗಳು, ಹೃದಯಕ್ಕೆಂದು ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಯೂರಿಕ್ ಆಮ್ಲ ಏರಿಸುತ್ತವೆ. ಅವುಗಳನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ಬಿಡಬೇಡಿ.

ಮೂತ್ರಪಿಂಡದ ಕಾಯಿಲೆ ಇರುವವರು, ಪದೇ ಪದೇ ಕಲ್ಲಾಗುವವರು, ಗರ್ಭಿಣಿಯರು ಈ ಆಹಾರಕ್ರಮಕ್ಕೆ ಕೈ ಹಾಕಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಬದಲಿಸದೆ ಪಿಷ್ಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು; ಕೆಲವು ಹೊಸ ಮಾತ್ರೆಗಳ ಜತೆ ಕೀಟೋ ಆಮ್ಲತೆಯ ಭಯವೂ ಇದೆ. ಕೀಲು ಊದಿ ಜ್ವರ, ನಡುಕ ಬಂದರೆ ಅದು ಸೋಂಕಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಯಾವ ಊಟ ಸರಿ ಎಂಬ ವಾದಕ್ಕೆ ಕೊನೆಯಿಲ್ಲ, ಆದರೆ ನಿಮ್ಮ ರಕ್ತದ ಅಳತೆಗೆ ಒಂದು ಗುರಿಯಿದೆ. ಧಾನ್ಯ ಬಿಟ್ಟ ಮೇಲೆ ತೂಕ ಇಳಿದು ಯೂರಿಕ್ ಆಮ್ಲ 6ರ ಕೆಳಗೆ ನಿಂತಿದ್ದರೆ, ನೋವು ಮರುಕಳಿಸದಿದ್ದರೆ, ವೈದ್ಯರ ಕಣ್ಗಾವಲಿನಲ್ಲಿ ಮುಂದುವರಿಸಿ. ಮೂರು ತಿಂಗಳಾದರೂ ಅದು ಗುರಿಯ ಮೇಲೆಯೇ ಇದ್ದರೆ ಮಾಂಸ ತಗ್ಗಿಸಿ, ಔಷಧದ ಮಾತಾಡಿ. ಔಷಧ ತೆಗೆದುಕೊಳ್ಳುವುದು ಸೋಲಲ್ಲ. ಗೌಟ್ ಪೂರ್ತಿ ಹತೋಟಿಗೆ ತರಬಹುದಾದ ಕಾಯಿಲೆ. ಅದನ್ನು ಸಹಿಸಿಕೊಂಡು ಕೀಲು ಕಳೆದುಕೊಳ್ಳಬೇಡಿ.